ನಾಲ್ಕು ಸಾಲಿನ ಸಾಕ್ಷಿ

ರಾಸ್ ತನೂರಾ
10 ಜನವರಿ 2025, ಶುಕ್ರವಾರ

ಜೆಮ್ಮಾ ಮಾರಾಯ್ತಿ,

ಅಬ್ದುಲ್ ಹಕೀಂ ನಾಳೆ ಬೆಳಿಗ್ಗೆ ಕೋಳಿ ತುಂಬಿದ ಟ್ರೇಲರ್ ಹೊಡೆದುಕೊಂಡು ನಿನ್ನ ನಜ್ರಾನಿಗೆ ಹೊರಡುತ್ತಾನಂತೆ. ಹಾಗಾಗಿ ಈ ಕಾಗದ ಅವಸರದ್ದು. ಕೂತು ಓದು. ಕೈಯಲ್ಲಿ ಚಹಾ ಇದ್ದರೆ ಕೆಳಗಿಡು.

ನನಗೆ ಮದುವೆ ನಿಶ್ಚಯವಾಗಿದೆ.

ನಗು ಮುಗಿಯಿತಾ? ಮುಗಿದ ಮೇಲೆ ಮುಂದೆ ಓದು. ಹುಡುಗಿಯ ಹೆಸರು ಮೆಲಿಷಾ, ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರ್. ಹುಡುಕಿದ್ದು ವಿನ್ನಿ ಆಂಟಿ. ವಿಡಿಯೋದಲ್ಲಿ ಮೂರು ಸಲ ಮಾತಾಡಿದೆವು. ಮೂರನೆಯ ಸಲ ಆಂಟಿ ನಡುವೆ ಮುಖ ಹಾಕಿ, "ಹಾಗಾದ್ರೆ ಆಯ್ತಲ್ಲ ಜೀತು?" ಅಂದರು. ನಾನು "ಆಯ್ತು ಆಂಟಿ" ಅಂದೆ. ಅಷ್ಟೇ ನಡೆದದ್ದು. ಈಸ್ಟರ್ ಕಳೆದು ಏಪ್ರಿಲ್ 28ಕ್ಕೆ ಹಾಲ್ ಕೂಡ ಬುಕ್ ಆಗಿದೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಇಗರ್ಜಿಯಲ್ಲಿ ಮೂರು ಭಾನುವಾರ ನಮ್ಮ ಹೆಸರು ಓದಿ, ಅಡ್ಡಿ ಇದ್ದವರು ಹೇಳಿ ಎನ್ನುವ ಮೊದಲು ವಿಗಾರ್ ಫಾದರಿಗೆ ಒಂದು ಸಾಕ್ಷಿಪತ್ರ ಬೇಕಂತೆ. ಬೇರೆ ಊರಲ್ಲಿದ್ದವರಿಗೆ ಅಲ್ಲಿನ ಇಗರ್ಜಿಯ ಫಾದರ್ ಬರೆದುಕೊಡುತ್ತಾರೆ. ಈ ಅರಬರ ನಾಡಿನಲ್ಲಿ ನಮಗೆ ಎಲ್ಲಿಯ ಇಗರ್ಜಿ? ಹಾಗಾಗಿ ನನ್ನನ್ನು ಇಲ್ಲಿ ಚೆನ್ನಾಗಿ ಬಲ್ಲವರು ಯಾರಾದರೂ ಕೈಯಾರೆ ಬರೆದು ಸಹಿ ಹಾಕಿದರೆ ಸಾಕು ಎಂದಿದ್ದಾರೆ. ನಾಲ್ಕೇ ಸಾಲು: ಇವನನ್ನು ಇಂತಿಷ್ಟು ವರ್ಷದಿಂದ ಬಲ್ಲೆ. ಇವನು ಅವಿವಾಹಿತ. ಯಾರಿಗೂ ಮಾತು ಕೊಟ್ಟವನಲ್ಲ. ಈ ಮದುವೆಗೆ ನನಗೆ ತಿಳಿದಂತೆ ಯಾವ ಅಡ್ಡಿಯೂ ಇಲ್ಲ.

ಪಿಯುಸಿಯಿಂದ ನನ್ನ ತಲೆ ತಿಂದವಳು ನೀನು. ನಿನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮುಂದಿನ ಟ್ರಿಪ್ಪಿನಲ್ಲಿ ಹಕೀಂ ಕೈಯಲ್ಲಿ ಕಳಿಸು. ನಿನ್ನ ಪಪ್ಪನ ಕೈಯ ಬಫಾತ್ ಮಸಾಲೆ ಪುಡಿ ಇದ್ದರೆ ಅದನ್ನೂ.

ನಿನ್ನ,
ಜೀತನ್

*

ನಜ್ರಾನ್
24 ಜನವರಿ 2025

ಮದುಮಗ ಸಾಹೇಬರಿಗೆ,

ಚಹಾ ಕೆಳಗಿಟ್ಟೇ ಓದಿದೆ. ಅಭಿನಂದನೆ. ನಿನ್ನ ಹಲ್ಲಿನ ಯೋಗ್ಯತೆಗೆ ಡಾಕ್ಟರನ್ನು ಮನೆಗೇ ತರಿಸಿಕೊಳ್ಳುವುದು ಒಳ್ಳೆಯದು.

ಒಂದು ಮದುವೆಗೆ "ಆಯ್ತು ಆಂಟಿ" ಎಂಬ ಎರಡು ಪದ ಸಾಕಾಯಿತಾ ನಿನಗೆ? ಹೋಟೆಲಿನಲ್ಲಿ ಮೀನು ಆರಿಸಲು ಅರ್ಧ ಗಂಟೆ ತೆಗೆದುಕೊಳ್ಳುವ ಮನುಷ್ಯ! ಇರಲಿ. ಕೇಳಿದ್ದನ್ನು ಬರೆದಿದ್ದೇನೆ, ನೋಡು:

"ಪೂಜ್ಯ ಫಾದರ್, ಜೀತನ್ ಎಂಬ ಈ ಪ್ರಾಣಿಯನ್ನು ಹದಿನೇಳು ವರ್ಷದಿಂದ ಬಲ್ಲೆ. ಇವನು ಅವಿವಾಹಿತ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇದೆ. ನಾನು ರಿಯಾದಿನಲ್ಲಿದ್ದ ಮೂರು ವರ್ಷ ಇವನು ತಿಂಗಳಿಗೊಮ್ಮೆ ರೈಲು ಹತ್ತಿ ಬಂದು, ಬತ್ತಾ ಪೇಟೆಯ ಕೇರಳ ಹೋಟೆಲಿನ, ಒಂಟಿ ಗಂಡಸರಿಗೆಂದೇ ಇದ್ದ 'ಸಿಂಗಲ್ಸ್' ಬಾಗಿಲಿನಿಂದ ಒಳಗೆ ಹೋಗುತ್ತಿದ್ದ. ನಾನು ರೂಮಿನ ಹುಡುಗಿಯರ ಜೊತೆ ಹೆಂಗಸರು ಹೋಗುವ 'ಫ್ಯಾಮಿಲಿ' ಬಾಗಿಲಿನಿಂದ ಹೋಗುತ್ತಿದ್ದೆ. ನಡುವೆ ಪ್ಲೈವುಡ್ ಗೋಡೆ. ಇಬ್ಬರೂ ಕಿವಿಗೆ ಫೋನ್ ಇಟ್ಟುಕೊಂಡು ಊಟ ಮಾಡುತ್ತಿದ್ದೆವು. ಇವನು ಅನ್ನ ಕಲಸುವ ಶಬ್ದ ಫೋನಿನಲ್ಲೂ ಕೇಳುತ್ತಿತ್ತು, ಗೋಡೆಯಾಚೆಯಿಂದಲೂ ಕೇಳುತ್ತಿತ್ತು. ಆ ಶಬ್ದ ಕೇಳಿಯೂ ಇವನನ್ನು ಒಪ್ಪುವ ಹುಡುಗಿಗೆ ದೇವರು ತಾಳ್ಮೆ ಕೊಡಲಿ. ಇಂತಿ, ಜೆಮ್ಮಾ, ಸ್ಟಾಫ್ ನರ್ಸ್."

ಹೇಗಿದೆ? ಫಾದರ್ ಪೀಠದ ಮೇಲಿಂದಲೇ ಓದಬಹುದು.

ಬಫಾತ್ ಪುಡಿ ಕಳಿಸಿದ್ದೇನೆ. ಕಾಗದ ಒಯ್ಯಲು ಬಂದ ಹಕೀಂ ನಾನು ಬರೆಯುವುದನ್ನು ನೋಡಿ, "ಎಂತ ಸಿಸ್ಟರೇ, ಈ ಸಲ ಕಾಗದ ಸಪೂರ ಉಂಟಲ್ಲ, ಜಗಳವಾ?" ಅಂದ. ಇಲ್ಲ ಮಾರಾಯಾ, ನಿನ್ನ ಭಾಯಿಗೆ ಮದುವೆ ಅಂದೆ. ಅವನು ನನ್ನ ಮುಖವನ್ನೇ ನೋಡಿದ. ಈಗ ಗಾಡಿ ಹತ್ತಿರ ಹೋಗಿ ಕಾಯುತ್ತಿದ್ದಾನೆ.

ಜೆಮ್ಮಾ

*

ರಾಸ್ ತನೂರಾ
7 ಫೆಬ್ರವರಿ 2025

ಜೆಮ್ಮಾ,

ಸನ್ನಿಗೆ ಓದಿ ಹೇಳಿದೆ. ರೂಮಿನಲ್ಲಿ ಬಿದ್ದು ಬಿದ್ದು ನಕ್ಕ. ಆರು ವರ್ಷ ನನ್ನ ಗೊರಕೆ ಕೇಳಿದವನು, ತಾನೂ ಎರಡು ಸಾಲು ಸೇರಿಸುತ್ತೇನೆ ಅಂದ.

ಆದರೆ ಇದನ್ನು ಫಾದರಿಗೆ ಕೊಡಲಾಗುತ್ತದಾ ಮಾರಾಯ್ತಿ? ಆಂಟಿ ದಿನಾ ಫೋನ್ ಮಾಡಿ, "ಆ ಸಾಕ್ಷಿಪತ್ರ ಎಂತ ಆಯ್ತು?" ಎನ್ನುತ್ತಾರೆ. ಡ್ಯೂಟಿಗೆ ಹೋಗುವಾಗ ನಮ್ಮ ಎಣ್ಣೆ ಪ್ಲಾಂಟಿನ ಗೇಟಿನಲ್ಲಿ ಫೋನ್ ಒಪ್ಪಿಸಿ ಒಳಗೆ ಹೋಗುವಾಗ ಈಗೀಗ ಖುಷಿಯಾಗುತ್ತದೆ.

ಮೆಲಿಷಾ ಒಳ್ಳೆಯವಳೇ. ಮೊನ್ನೆ, "ನಿಮಗೆ ಎಂತ ಇಷ್ಟ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನನಗೆ ಎಂತ ಇಷ್ಟ ಎಂದು ನೆನಪಾಗಲಿಲ್ಲ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ದೇವರಿಗೆ ಥ್ಯಾಂಕ್ಸ್ ಹೇಳಿದೆ.

ನೀನು ಬೈಯುವುದು ಗೊತ್ತು. ಡ್ಯಾಡಿ ತೀರಿಕೊಂಡ ಮೇಲೆ ನನ್ನನ್ನು ಮನೆಯಲ್ಲಿಟ್ಟು ಓದಿಸಿದವರು ಆಂಟಿ. ಅವರಿಗೆ ಇಲ್ಲ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ನೀನಾದರೆ ಮಸ್ಕತ್ತಿನ ಅಕೌಂಟೆಂಟನನ್ನೂ, ಆ ಕುಂದಾಪುರದವನನ್ನೂ, ಫೋಟೋ ಸರಿಯಾಗಿ ನೋಡದೆ ಬೇಡ ಅಂದವಳು. ಯಾಕೆ ಬೇಡ ಎಂದು ನನಗೂ ಹೇಳಲಿಲ್ಲ.

ನಾಲ್ಕು ಸಾಲು ನೆಟ್ಟಗೆ ಬರೆದುಕೊಡು.

ಜೀತನ್

*

ನಜ್ರಾನ್
21 ಫೆಬ್ರವರಿ 2025

ಜೀತನ್,

ಬರೆಯಲು ಕೂತೆ. ಸುಳ್ಳಲ್ಲ. ಮೊನ್ನೆ ಡ್ಯೂಟಿ ಮುಗಿಸಿ ಬಂದು, ಕೈ ತೊಳೆದು, ಗೀಟಿಲ್ಲದ ಬಿಳಿ ಹಾಳೆ ತೆಗೆದು ಕೂತೆ. ಮೊದಲನೆಯ ಸಾಲು ಬಂತು. ಎರಡನೆಯದೂ ಬಂತು. ಮೂರನೆಯದು ತಡೆದು ತಡೆದು ಬಂತು. ನಾಲ್ಕನೆಯ ಸಾಲಿಗೆ ಪೆನ್ನು ನಿಂತಿತು. ಹಾಳೆ ಹರಿದೆ. ಇನ್ನೊಂದು ತೆಗೆದೆ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಐದು ಹಾಳೆ ಹಾಳಾಯಿತು.

ನನ್ನ ಕೈ ನಡುಗುವ ಕೈಯಲ್ಲ ಎಂದು ನಿನಗೆ ಗೊತ್ತು. ಸಿಗದ ನರಕ್ಕೂ ಒಂದೇ ಏಟಿಗೆ ಸೂಜಿ ಹಾಕುವವಳು ನಾನು. ವಾರ್ಡಿನಲ್ಲಿ ಬೇರೆಯವರಿಗೆ ಆಗದಿದ್ದರೆ ನನ್ನನ್ನೇ ಕರೆಯುತ್ತಾರೆ.

ಹಾಗಾಗಿ ಕೇಳು. ನಾನು ಬರೆಯುವುದಿಲ್ಲ.

ಕಾರಣ ಕೇಳಬೇಡ. ಬೇಜಾರು ಮಾಡಿಕೊಳ್ಳಬೇಡ ಎಂದೂ ಹೇಳುವುದಿಲ್ಲ, ಮಾಡಿಕೋ. ಹದಿನೇಳು ವರ್ಷದಲ್ಲಿ ನೀನು ಕೇಳಿದ ಯಾವುದಕ್ಕೂ ಇಲ್ಲ ಅಂದವಳಲ್ಲ. ಇದಕ್ಕೆ ಅನ್ನುತ್ತಿದ್ದೇನೆ. ನಿನ್ನ ರೂಮಿನಲ್ಲೇ ಸನ್ನಿ ಇದ್ದಾನೆ. ನಿನ್ನ ಗೊರಕೆಗೆ ಸಾಕ್ಷಿಯಾದವನು ಬ್ರಹ್ಮಚರ್ಯಕ್ಕೂ ಸಾಕ್ಷಿಯಾಗಲಿ.

ಜೆಮ್ಮಾ

*

ಉಡುಪಿ
2 ಮಾರ್ಚ್ 2025
(ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಿದ್ದು)

ಪ್ರೀತಿಯ ಜೆಮ್ಮಾ,

ನಾನು ವಿನ್ನಿ ಆಂಟಿ. ಜೀತನ್‌ನ ಡ್ಯಾಡಿಯ ಅಕ್ಕ. ಕ್ಷೇಮವೆಂದು ನಂಬುತ್ತೇನೆ. ನೀನು ಸಾಕ್ಷಿಪತ್ರ ಬರೆಯುವುದಿಲ್ಲ ಎಂದು ಹೇಳಿದ್ದಾಗಿ ಜೀತು ತಿಳಿಸಿದ. ಬೇರೆಯವರಿಂದ ಬರೆಸು ಎಂದರೆ, "ಜೆಮ್ಮಾಳೇ ಬರೆಯಬೇಕು" ಎಂದು ಹಟ ಹಿಡಿದು ಕೂತಿದ್ದಾನೆ. ಇಂಥ ಹಟ ಅವನಿಗೆ ಎಲ್ಲಿಂದ ಬಂತೋ ನನಗೆ ತಿಳಿಯದು.

ನಾನು ನೇರ ಮಾತಿನವಳು. ಹುಡುಗ ಹುಡುಗಿ ಸ್ನೇಹದಿಂದಿರುವುದು ಈಗಿನ ಕಾಲದಲ್ಲಿ ಇದೆ. ನಾನು ತಪ್ಪೆನ್ನುವುದಿಲ್ಲ. ಆದರೆ ಪ್ರತಿಯೊಂದಕ್ಕೂ ಅದರ ಜಾಗ ಅಂತ ಇರುತ್ತದೆ. ನೀನು ಅವನಿಗಿಂತ ಒಂದು ವರ್ಷಕ್ಕೆ ದೊಡ್ಡವಳು, ಬುದ್ಧಿವಂತೆ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೆಲಿಷಾಳ ಮನೆಯವರು ದೊಡ್ಡ ಜನ. ಅವರ ಕಿವಿಗೆ ಬೇಡದ ಮಾತು ಬೀಳಬಾರದು.

ಇನ್ನೊಂದು ವಿಷಯ. ಮದುವೆಗೆ ಆರುನೂರು ಜನ. ಹಿಂದಿನ ದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಬೇರೆ ಇನ್ನೂರು. ಅಡುಗೆಯನ್ನು ಮಂಗಳೂರಿನವರಿಗೆ ಕೊಡಬೇಕೆಂದಿದ್ದೆವು. ನೀನು ಆ ನಾಲ್ಕು ಸಾಲು ಬರೆದುಕೊಟ್ಟರೆ ಎರಡು ದಿನದ ಅಡುಗೆಯನ್ನೂ ನಿನ್ನ ಪಪ್ಪ ಪ್ಯಾಟ್ರಿಕ್‌ಗೇ ವಹಿಸುತ್ತೇನೆ. ಈ ಪ್ರಾಯದಲ್ಲಿ ಅವರಿಗೂ ಒಂದು ಗೌರವ.

ದೇವರು ಒಳ್ಳೆಯದು ಮಾಡಲಿ.

ವಿನ್ನಿ ಆಂಟಿ

*

ನಜ್ರಾನ್
7 ಮಾರ್ಚ್ 2025

ವಿನ್ನಿ ಆಂಟಿಗೆ ನಮಸ್ಕಾರ.

ನೀವು ನೇರ ಮಾತಿನವರು ಎಂದು ಬರೆದದ್ದು ಒಳ್ಳೆಯದಾಯಿತು. ನನಗೂ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

ನನ್ನ ಪಪ್ಪ ನಿಮ್ಮ ಮನೆಯ ಐದು ಮದುವೆಗೆ ಅಡುಗೆ ಮಾಡಿದ್ದಾರೆ. ಐದು ಸಲವೂ ನೀವೇ ಬಂದು ಕರೆದದ್ದು, ಯಾಕೆಂದರೆ ಅವರ ಹಾಗೆ ಹಂದಿ ಬಫಾತ್ ಮಾಡುವವರು ನಮ್ಮ ಕಡೆ ಇನ್ನೊಬ್ಬರಿಲ್ಲ. ಅವರ ಗೌರವ ಅವರ ಸೌಟಿನಲ್ಲಿದೆ. ಅದಕ್ಕೆ ನನ್ನ ಸಹಿ ಬೇಕಾಗಿಲ್ಲ. ನಿಮ್ಮ ಮಾತನ್ನು ಅವರಿಗೆ ಫೋನಿನಲ್ಲಿ ಹೇಳಿದೆ. "ಮಗಾ, ಆ ಅಡುಗೆ ನನಗೆ ಬೇಡ. ನೀನು ಸರಿ ಕಂಡದ್ದು ಮಾಡು" ಎಂದರು. ಆಮೇಲೆ ಎಂದಿನಂತೆ, ಊಟ ಆಯ್ತಾ ಎಂದು ಕೇಳಿದರು.

ಐದು ಮದುವೆಯಲ್ಲೂ ಊಟ ಮುಗಿಸಿ ಹಿಂದಿನ ಬಾಗಿಲಿಗೆ ಬಂದು, "ಪ್ಯಾಟ್ರಿಕ್ ಅಂಕಲ್, ನೀವು ಉಂಡ್ರಾ?" ಎಂದು ಕೇಳಿದವನು ನಿಮ್ಮ ಮನೆಯಲ್ಲಿ ಜೀತನ್ ಒಬ್ಬನೇ. ನೀವು ಸಾಕಿದ್ದು ಚೆನ್ನಾಗಿಯೇ ಸಾಕಿದ್ದೀರಿ ಆಂಟಿ. ಅದಕ್ಕೆ ನಿಮ್ಮ ಮೇಲೆ ನನಗೆ ಗೌರವ ಇದೆ.

ಸಾಕ್ಷಿಪತ್ರ ಬರೆದಿದ್ದೇನೆ. ಆದರೆ ಅದು ನೀವು ಕೇಳಿದ ಸಾಕ್ಷಿಯಲ್ಲ. ನನ್ನ ಜಾಗ ಯಾವುದೆಂದು ನೀವು ತೋರಿಸಿದಿರಿ. ನಾನು ಅಲ್ಲಿ ಕೂರುವುದಿಲ್ಲ.

ಜೆಮ್ಮಾ, ಪ್ಯಾಟ್ರಿಕ್‌ನ ಮಗಳು

*

ನಜ್ರಾನ್
ಅದೇ ದಿನ

ಜೀತನ್,

ಇದರ ಜೊತೆ ಒಂದು ಕವರ್ ಇದೆ. ಅಂಟಿಸಿಲ್ಲ. ಮೊದಲು ನೀನು ಓದು. ಬೇಕಾದರೆ ಫಾದರಿಗೆ ಕಳಿಸು, ಬೇಡವಾದರೆ ಹರಿದುಬಿಡು. ಆದರೆ ಒಂದು ಅಕ್ಷರ ತಿದ್ದಿದರೆ ಜಾಗ್ರತೆ.

ಇಲ್ಲಿ ರಂಜಾನ್. ವಾರ್ಡಿನಲ್ಲಿ ಸಂಜೆ ಎಲ್ಲರೂ ಖರ್ಜೂರ ಹಿಡಿದು ಬಾಂಗಿಗೆ ಕಾಯುವ ಹೊತ್ತಿನಲ್ಲಿ ಮೂಲೆಯ ಮೇಜಿನಲ್ಲಿ ಕೂತು ಬರೆದೆ. ಪೆನ್ನು ಎಲ್ಲೂ ನಿಲ್ಲಲಿಲ್ಲ.

ಜೆಮ್ಮಾ

(ಕವರಿನೊಳಗೆ)

ಪೂಜ್ಯ ವಿಗಾರ್ ಫಾದರಿಗೆ,

ಜೀತನ್‌ನನ್ನು ಹದಿನೇಳು ವರ್ಷದಿಂದ ಬಲ್ಲೆ. ಇವನು ಅವಿವಾಹಿತ. ಯಾರಿಗೂ ಮಾತು ಕೊಟ್ಟವನಲ್ಲ. ನನಗೂ ಕೊಟ್ಟಿಲ್ಲ.

ಈ ಮದುವೆಗೆ ಯಾವ ಅಡ್ಡಿಯೂ ತಿಳಿದಿಲ್ಲ ಎಂದು ಬರೆಯಲು ನನ್ನಿಂದ ಆಗುವುದಿಲ್ಲ ಫಾದರ್. ನನಗೆ ಒಂದು ಅಡ್ಡಿ ತಿಳಿದಿದೆ. ಅದು ನಾನೇ. ಇವನನ್ನು ನಾನು ಪ್ರೀತಿಸುತ್ತೇನೆ. ಇದು ಇವನಿಗೆ ಗೊತ್ತಿಲ್ಲ. ರಿಯಾದಿನ ಒಂದು ಹೋಟೆಲಿನಲ್ಲಿ ನಾವು ಗಂಡಸರ ಕಡೆ, ಹೆಂಗಸರ ಕಡೆ ಬೇರೆ ಬೇರೆ ಕೂತು ಉಣ್ಣುತ್ತಿದ್ದೆವು; 2020ರಲ್ಲಿ ಕಾನೂನು ಸಡಿಲವಾಗಿ ನಡುವಿನ ಪ್ಲೈವುಡ್ ಗೋಡೆ ತೆಗೆದರು. ನಾವು ಮೊದಲ ಸಲ ಎದುರುಬದುರು ಕೂತೆವು. ಮೂರು ವರ್ಷ ಗೋಡೆಯಾಚೆಯಿಂದ ವಟವಟ ಎನ್ನುತ್ತಿದ್ದವಳಿಗೆ ಅವತ್ತು ಬಾಯಿಯೇ ಬರಲಿಲ್ಲ. ಇವನೂ ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದ. ನನಗೆ ಹೆದರಿಕೆಯಾಯಿತು. ಇದ್ದ ಸ್ನೇಹವೂ ಹೋದರೆ ಎಂದು, ನಾನೇ ವರ್ಗ ಕೇಳಿಕೊಂಡು ಇವನಿಂದ ಸಾವಿರದ ನಾನೂರು ಕಿಲೋಮೀಟರ್ ದೂರದ ನಜ್ರಾನಿಗೆ ಬಂದೆ. ಬಂದ ಮೇಲೂ ಆ ಪ್ರೀತಿ ಹೋಗಲಿಲ್ಲ.

ಇದು ಶಾಸ್ತ್ರದಲ್ಲಿ ಹೇಳಿದ ಅಡ್ಡಿಯಲ್ಲ ಎಂದು ನನಗೆ ಗೊತ್ತು. ಇದಕ್ಕಾಗಿ ನೀವು ಮದುವೆ ನಿಲ್ಲಿಸಬೇಕೆಂದೂ ನಾನು ಕೇಳುವುದಿಲ್ಲ. ಗೊತ್ತಿದ್ದನ್ನು ಗೊತ್ತಿಲ್ಲ ಎಂದು ದೇವರ ಹೆಸರಿನಲ್ಲಿ ಸಹಿ ಹಾಕುವುದಿಲ್ಲ, ಅಷ್ಟೇ.

ವಿಧೇಯಳು,
ಜೆಮ್ಮಾ

*

ರಾಸ್ ತನೂರಾ
21 ಮಾರ್ಚ್ 2025

ನನ್ನ ಜೆಮ್ಮಾ,

ಹಕೀಂ ಕವರ್ ಕೊಟ್ಟಾಗ ನಾನು ಗೇಟಿನ ಹೊರಗೆ ನಿಂತಿದ್ದೆ. ಅಲ್ಲೇ ಬಿಸಿಲಿನಲ್ಲಿ ಓದಿದೆ. ಎರಡು ಸಲ ಓದಿದೆ. ಹಕೀಂ, "ಎಂತ ಆಯ್ತು ಭಾಯ್, ಊರಲ್ಲಿ ಯಾರಾದ್ರೂ ಹೋದ್ರಾ?" ಎಂದು ಗಾಬರಿಯಾದ. ನಾನು ಅಳುತ್ತಿದ್ದೆ ಅಂತೆ. ನನಗೆ ಗೊತ್ತಾಗಲಿಲ್ಲ.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ಜನವರಿಯಲ್ಲೇ ಸನ್ನಿ, "ಕೊಡು ಮಾರಾಯ, ನಾನು ಬರೆದುಕೊಡ್ತೇನೆ" ಅಂದಿದ್ದ. ನಾನು ಬೇಡ ಅಂದೆ. ನಿನ್ನನ್ನೇ ಯಾಕೆ ಕೇಳಿದೆ ಎಂದು ನನಗೇ ನೆಟ್ಟಗೆ ತಿಳಿದಿರಲಿಲ್ಲ. ಈಗ ತಿಳಿದಿದೆ. ನೀನು ಬರೆಯಬಾರದು ಎಂದೇ ನಿನ್ನನ್ನು ಕೇಳಿದೆ. ಆಂಟಿಗೆ ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಆ ಇಲ್ಲ ನಿನ್ನ ಬಾಯಿಂದ ಬರಲಿ ಎಂದು ಕಾದೆ. ಇದಕ್ಕಿಂತ ದೊಡ್ಡ ಹೇಡಿತನ ಇಲ್ಲ. ನೀನು ಎಷ್ಟು ಬೈದರೂ ಕಡಿಮೆಯೇ.

ಅದಕ್ಕೇ ಉಳಿದದ್ದನ್ನೆಲ್ಲ ನಾನೇ ಮಾಡಿದೆ. ಮೊದಲು ಮೆಲಿಷಾಗೆ ಫೋನ್ ಮಾಡಿದೆ. ಅವಳು ಅಳಲಿಲ್ಲ, ಸರಿಯಾಗಿ ಉಗಿದಳು. "ಜನವರಿಯಲ್ಲೇ ಹೇಳ್ಬಹುದಿತ್ತಲ್ಲ? ನಿಮಗೆ ಬಾಯಿ ಇಲ್ಲ ಅಂತ ನನ್ನ ಮೂರು ತಿಂಗಳು ಹಾಳು ಮಾಡಿದ್ರಿ" ಅಂದಳು. ಅವಳು ಹೇಳಿದ್ದು ನ್ಯಾಯವೇ. ತಪ್ಪಾಯಿತು ಎಂದು ಕೇಳಿಕೊಂಡೆ. ಅವಳ ಮನೆಯವರಿಗೂ ನಾನೇ ಫೋನ್ ಮಾಡಿ ಹೇಳಿದೆ.

ಆಮೇಲೆ ಆಂಟಿ. "ಆಂಟಿ, ಆಗುದಿಲ್ಲ" ಅಂದೆ. ಅಷ್ಟು ಹೇಳಲು ಮೂವತ್ತಮೂರು ವರ್ಷ ಬೇಕಾಯಿತು ನೋಡು. ಅವರು, "ಆ ಅಡುಗೆಯವನ ಮಗಳಿಗಾಗಿಯಾ?" ಎಂದರು. "ಹೌದು, ಪ್ಯಾಟ್ರಿಕ್ ಅಂಕಲ್ ಮಗಳಿಗಾಗಿಯೇ. ಅವಳು ಒಪ್ಪಿದರೆ" ಅಂದೆ. ಫೋನ್ ಇಟ್ಟರು. ನಾಲ್ಕು ದಿನ ಮಾತಿಲ್ಲ. ಐದನೆಯ ದಿನ ಫೋನ್ ಮಾಡಿ, ಹಾಲ್ ಇನ್ನೊಬ್ಬರಿಗೆ ಕೊಟ್ಟಾಯ್ತು ಎಂದು ಒಂದು ಗಂಟೆ ಬೈದರು. ಬೈಯುತ್ತಿದ್ದಾರೆ ಅಂದರೆ ನನ್ನನ್ನು ಬಿಟ್ಟಿಲ್ಲ ಅಂತ ಅರ್ಥ.

ನಿನ್ನ ಕಾಗದ ಫಾದರಿಗೆ ಕಳಿಸಿದೆ. ಒಂದಕ್ಷರ ತಿದ್ದಿಲ್ಲ. ಅವರು ಫೋನ್ ಮಾಡಿ, "ನಲವತ್ತು ವರ್ಷದಿಂದ ಸಾಕ್ಷಿಪತ್ರ ಓದ್ತಾ ಇದ್ದೇನೆ. ಎಲ್ಲರೂ ಅಡ್ಡಿ ಇಲ್ಲ ಅಂತಲೇ ಬರೀತಾರೆ, ಯಾರೂ ಯೋಚನೆ ಮಾಡುದಿಲ್ಲ. ಇವಳು ಯೋಚನೆ ಮಾಡಿದ್ದಾಳೆ. ಈಗ ನೀನೆಂತ ಹೇಳ್ತಿ ಮಗಾ?" ಎಂದು ಕೇಳಿದರು.

ನಾನು ಹೇಳುವುದು ಇದು. ಹೋಟೆಲಿನಲ್ಲಿ ಅವತ್ತು ನಾನು ಮೀನಿನ ಮುಳ್ಳು ನೋಡುತ್ತಿರಲಿಲ್ಲ. ಆ ಮೀನಿನಲ್ಲಿ ಮುಳ್ಳೇ ಇರಲಿಲ್ಲ ಮಾರಾಯ್ತಿ, ಅದು ನೆಯ್ಮೀನಿನ, ಅದೇ ನಮ್ಮ ಅಂಜಲಿನ, ಫ್ರೈ. ನಿನ್ನ ಮುಖ ನೋಡಲು ನಾಚಿಕೆಯಾಗಿ ಕೆದಕುತ್ತ ಕೂತಿದ್ದೆ. ಮೆಲಿಷಾ ಕೇಳಿದಾಗ ನನಗೆ ಎಂತ ಇಷ್ಟ ಎಂದು ನೆನಪಾಗಲಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ನೆನಪಾಗಿತ್ತು. ಅವಳಿಗೆ ಹೇಳುವ ಹಾಗಿರಲಿಲ್ಲ.

ನನ್ನನ್ನು ಮದುವೆಯಾಗುತ್ತೀಯಾ? ನಿನ್ನ ಸಿಟ್ಟು ಇಳಿದ ಮೇಲೆ ಉತ್ತರ ಬರೆ. ಇಳಿಯದಿದ್ದರೂ ಬರೆ.

ನಿನ್ನವನೇ,
ಜೀತನ್

*

ನಜ್ರಾನ್
4 ಏಪ್ರಿಲ್ 2025

ಹೇಡಿ ಜೀತನ್‌ನಿಗೆ,

ಸಿಟ್ಟು ಇಳಿದಿಲ್ಲ. ಇಳಿಯುವ ಲಕ್ಷಣವೂ ಇಲ್ಲ. ನನ್ನ ಕೈಯಿಂದ ಐದು ಹಾಳೆ ಹರಿದು ಹಾಕಿಸಿದ್ದೀಯಲ್ಲ, ಅದಕ್ಕೆ ಜೀವಮಾನವಿಡೀ ಬೈಸಿಕೊಳ್ಳಬೇಕು. ಮೆಲಿಷಾಗೆ ನಾನೂ ಒಂದು ಕಾಗದ ಬರೆದು ಕ್ಷಮೆ ಕೇಳುತ್ತೇನೆ. ಅವಳು ಉತ್ತರ ಕೊಡದಿದ್ದರೂ ಸರಿ.

ಆಗುತ್ತೇನೆ. ಆದರೆ ನನ್ನ ಮಾತು ಕೇಳು. ಮದುವೆಗೆ ದೊಡ್ಡ ಹಾಲ್ ಬೇಡ, ಇಗರ್ಜಿಯ ಅಂಗಳ ಸಾಕು. ಅವತ್ತು ಪಪ್ಪ ಅಡುಗೆಮನೆಗೆ ಕಾಲಿಡಬಾರದು, ಕೋಟು ಹಾಕಿಕೊಂಡು ಮುಂದಿನ ಬೆಂಚಿನಲ್ಲಿ ಕೂರಬೇಕು. ಹೇಳಿದರೆ, "ಹಾಗಾದ್ರೆ ಬಫಾತ್ ಯಾರು ನೋಡಿಕೊಳ್ಳುದು?" ಎಂದು ಜಗಳಕ್ಕೇ ಬಂದರು. ಪುಡಿ ಮಾತ್ರ ಮಾಡಿಕೊಡಿ ಎಂದು ರಾಜಿ ಮಾಡಿದ್ದೇನೆ. ವಿನ್ನಿ ಆಂಟಿಯನ್ನು ನೀನೇ ಹೋಗಿ ಕರೆಯಬೇಕು. ಬರದಿದ್ದರೆ ನಾನು ಹೋಗಿ ಕರೆಯುತ್ತೇನೆ. ಅವರಿಗೆ ಹೆದರುವವಳು ನಾನಲ್ಲ.

ಮತ್ತೆ, ನೀನು ನಜ್ರಾನಿಗೆ ಬರುವುದು ಬೇಡ. ಹೆದರಿ ಓಡಿ ಬಂದವಳು ನಾನು, ಹಾಗಾಗಿ ವಾಪಸು ಬರಬೇಕಾದವಳೂ ನಾನೇ. ನಿನ್ನ ರಾಸ್ ತನೂರಾದ ಹತ್ತಿರವೇ ಇರುವ ದಮ್ಮಾಮಿನ ಆಸ್ಪತ್ರೆಯೊಂದಕ್ಕೆ ಅರ್ಜಿ ಹಾಕಿದ್ದೆ, ನಿನ್ನೆ ಕೆಲಸ ಸಿಕ್ಕಿತು.

ಒಂದು ತೊಂದರೆ ಉಳಿದಿದೆ. ಫಾದರಿಗೆ ಈಗ ಇಬ್ಬರ ಸಾಕ್ಷಿಪತ್ರವೂ ಬೇಕಂತೆ. ನನ್ನದನ್ನು ನೀನು ಬರೆಯುವ ಹಾಗಿಲ್ಲ, ನಿನ್ನದನ್ನು ನಾನು ಬರೆಯುವ ಹಾಗಿಲ್ಲ. ಸನ್ನಿಗೆ ನನ್ನ ಪರಿಚಯ ಸಾಲದು. ಇಬ್ಬರನ್ನೂ ಬಲ್ಲ ಒಬ್ಬನೇ ಮನುಷ್ಯ ಈ ದೇಶದಲ್ಲಿರುವುದು. ಫಾದರ್ ಹತ್ತಿರ ಕೇಳಿದೆ. "ಸತ್ಯ ಹೇಳುವವನಾದ್ರೆ ಸಾಕು" ಎಂದರು.

ನಿನ್ನವಳು (ಬರೆದುಬಿಟ್ಟೆ, ಎಂತ ಮಾಡುತ್ತಿ?),
ಜೆಮ್ಮಾ

*

ದಮ್ಮಾಮ್
18 ಏಪ್ರಿಲ್ 2025

ಗೌರವಾನ್ವಿತ ಫಾದರ್ ಅವರಿಗೆ ಉಳ್ಳಾಲದ ಅಬ್ದುಲ್ ಹಕೀಂ ಮಾಡುವ ಸಲಾಂ.

ನಾನು ಟ್ರೇಲರ್ ಡ್ರೈವರ್. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದೇನೆ. ತಪ್ಪಿದ್ದರೆ ಮಾಫ್ ಮಾಡಬೇಕು. ನಾಲ್ಕು ವಿಷಯ ಬರೆಯಬೇಕು ಎಂದು ಸಿಸ್ಟರ್ ಹೇಳಿದ್ದಾರೆ.

ಜೀತನ್ ಭಾಯಿಯನ್ನೂ ಜೆಮ್ಮಾ ಸಿಸ್ಟರನ್ನೂ ಐದು ವರ್ಷದಿಂದ ಬಲ್ಲೆ. ಇಲ್ಲಿಂದ ಹೋಗುವಾಗ ಕೋಳಿ, ಅಲ್ಲಿಂದ ಬರುವಾಗ ಕಿತ್ತಳೆ, ಎರಡೂ ಕಡೆ ಇವರ ಕಾಗದ. ಓದಿದ್ದೀಯಾ ಎಂದು ನೀವು ಕೇಳಬಹುದು. ಅಲ್ಲಾಹನ ಆಣೆ, ಒಂದನ್ನೂ ಓದಿಲ್ಲ. ಆದರೆ ಕಾಗದ ತೆಗೆದುಕೊಳ್ಳುವಾಗ ಅವರ ಮುಖ ನೋಡಿದ್ದೇನೆ. ನನ್ನ ಕಣ್ಣು ಕಟ್ಟಿರಲಿಲ್ಲ.

ಇಬ್ಬರಿಗೂ ಮದುವೆ ಆಗಿಲ್ಲ. ಜನವರಿಯಲ್ಲಿ ಭಾಯಿಗೆ ಬೇರೆ ಕಡೆ ಗೊತ್ತಾಗಿತ್ತು, ಅದು ಬಿಟ್ಟುಹೋಗಿದೆ. ನಿಮಗೂ ಗೊತ್ತುಂಟು, ನಾನು ಮುಚ್ಚಿಡುವುದಿಲ್ಲ. ಈಗ ಇವರು ಒಬ್ಬರಿಗೊಬ್ಬರು ಬಿಟ್ಟು ಬೇರೆ ಯಾರಿಗೂ ಮಾತು ಕೊಟ್ಟಿಲ್ಲ. ಒಬ್ಬರಿಗೊಬ್ಬರು ಕೊಡಲಿಕ್ಕೂ ಐದು ವರ್ಷ ಮಾಡಿದರು. ನಮ್ಮಲ್ಲಾದರೆ ಅಷ್ಟರಲ್ಲಿ ಮೂರು ಮಕ್ಕಳು ಆಗುತ್ತಿದ್ದವು.

ಅಡ್ಡಿ ಇದೆಯಾ ಎಂದು ಬರೆಯಬೇಕಂತೆ. ಒಂದು ಇತ್ತು. ರಾಸ್ ತನೂರಾದಿಂದ ನಜ್ರಾನಿಗೆ ಸಾವಿರದ ನಾನೂರು ಕಿಲೋಮೀಟರ್, ನಡುವೆ ಬರೀ ಮರಳು. ಇದು ಇವರ ಪೋಸ್ಟ್‌ಮ್ಯಾನ್ ಆಗಿ ನನ್ನ ಕೊನೆಯ ಟ್ರಿಪ್ಪಿನ ವರದಿ: ಈ ಸಲ ನಜ್ರಾನಿನಿಂದ ಕಾಗದ ಇರಲಿಲ್ಲ. ಸಿಸ್ಟರಿನ ಎರಡು ಪೆಟ್ಟಿಗೆ, ಒಂದು ಕುಕ್ಕರ್, ಒಂದು ಬಾಟಲಿ ಬಫಾತ್ ಪುಡಿ ತಂದು ದಮ್ಮಾಮಿನಲ್ಲಿ ಇಳಿಸಿದ್ದೇನೆ. ಇನ್ನು ನನಗೆ ತಿಳಿದಂತೆ ಯಾವ ಅಡ್ಡಿಯೂ ಇಲ್ಲ.

ಇಂತಿ,
ಅಬ್ದುಲ್ ಹಕೀಂ
(ಸಹಿ)